ಗೋಡೆ ಮೇಲಿನ ಮೊಗ್ಗಿನ ಜಡೆ

ಬೆಸಗರಹಳ್ಳಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಪುಟ್ಟಮಾದಮ್ಮನ ಮನೆ. ಬೀದಿಗೆಲ್ಲ ದೊಡ್ಡ ಟಿ.ವಿ. ಇರುವುದು ಅಲ್ಲೇ. ಭಾನುವಾರ ಮಧ್ಯಾಹ್ನ ಸಂಘದ ಹೆಂಗಸರು ಸೇರುವುದೂ ಅಲ್ಲೇ. ಆವತ್ತು ಅಂಗನವಾಡಿ ಟೀಚರ್ ನಾಗರತ್ನ, "ದಿನಾ ಧಾರಾವಾಹಿ ನೋಡೋದು ಇದ್ದೇ ಅದೆ" ಅಂತ, ಕಾಣೆಯಾದ ಮಕ್ಕಳ ಬಗ್ಗೆ ಒಂದು ಸಾಕ್ಷ್ಯಚಿತ್ರ ಹಾಕಿಸಿದಳು. ಎಲ್ಲೋ ನಿಜವಾಗಿ ನಡೆದದ್ದು.

ಅದರಲ್ಲಿ ಒಬ್ಬಳು ತಾಯಿ. ಮಗು ಕಳೆದುಹೋದಾಗ ಮನೆಯವರು ಮಾನಕ್ಕೆ ಅಂಜಿ, ತಾವೇ ಹುಡುಕುತ್ತ ದಿನ ಕಳೆದಿದ್ದರು. ಈಗಲೂ ಅವಳು ಒಂದು ಮಾಸಿದ ಫೋಟೋ ಹಿಡಿದು ರೈಲ್ವೆ ಸ್ಟೇಷನ್ನಿನಲ್ಲಿ ಕಂಡಕಂಡವರನ್ನು ಕೇಳುತ್ತಾಳೆ. ನೋಡುತ್ತಿದ್ದ ಹೆಂಗಸರೆಲ್ಲ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಪುಟ್ಟಮಾದಮ್ಮನಂತೂ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿಸಿ, ತನ್ನ ಮಾಮೂಲಿ ವರಸೆಗೆ ಬಂದಳು.

"ಇವೆಲ್ಲ ದೊಡ್ಡೂರ ಕಥೆ ಕಣಮ್ಮ. ನಮ್ಮ ಅಳ್ಳೀಲಿ ಯಾರ ಮಗ ಯಾರ ಮನೇಲಿ ಉಣ್ತು ಅನ್ನೋದೂ ಗೊತ್ತಾಯ್ತದೆ. ಇಲ್ಲಿಗೆ ಯಾರು ಬಂದು ಎತ್ಕೊಂಡೋಯ್ತಾರೆ?"

"ಎತ್ಕೊಂಡೋಗೋರೇ ಬರ್ಬೇಕು ಅಂತಿಲ್ಲ, ಪುಟ್ಟಮಾದಕ್ಕ. ಮಕ್ಳು ತಾವೇ ನಡ್ಕೊಂಡೂ ಓಯ್ತವೆ," ಎಂದಳು ನಾಗರತ್ನ. "ಅದ್ಕೇ ನಾನು ಬಡ್ಕೊಳೋದು, ನಿಮ್ಮ ಮೊಮ್ಮಗ ತೇಜುದು ಒಂದು ಫೋಟೋ ತೆಗ್ಸಿ ಇಟ್ಕೊಳಿ ಅಂತ."

"ಅದೊಂದು ಮಾತ್ರ ಬುಡು. ಮಗೀಗೆ ದಿಷ್ಟಿ ಆಯ್ತದೆ."

ಈ ವಿಷಯದಲ್ಲಿ ಪುಟ್ಟಮಾದಮ್ಮ ಜಗ್ಗುವ ಪೈಕಿಯಲ್ಲ. ಅಂಗನವಾಡಿಯಲ್ಲಿ ಫೋಟೋ ಹಿಡಿದರೆ ಮೊಮ್ಮಗನ ಮುಖಕ್ಕೆ ಸೆರಗು ಮುಚ್ಚುತ್ತಿದ್ದಳು. ಸೊಸೆ ದೀಪಿಕ ತನ್ನ ಫೋನಿನಲ್ಲಿ ಕದ್ದು ತೆಗೆದಿದ್ದ ಒಂದೆರಡನ್ನೂ ಅಳಿಸಿಹಾಕಿಸಿದ್ದಳು.

"ಫೋಟೋ ಇಲ್ಲ ಅಂದೋರ್ಯಾರು? ಅಲ್ನೋಡು," ಎಂದು ಗೋಡೆ ತೋರಿಸಿದಳು.

ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಡುವ ಮುಂಚೆ, ತೇಜುವಿನ ಬೆಳೆದಿದ್ದ ಕೂದಲಿಗೆ ಮೊಗ್ಗಿನ ಜಡೆ ಹಾಕಿಸಿ, ಹಸಿರು ಲಂಗ ಉಡಿಸಿ, ಜಡೆ ಕಾಣಲೆಂದು ಬೆನ್ನ ಹಿಂದೆ ಕನ್ನಡಿ ಇಟ್ಟು, ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ನಮ್ಮ ಕಡೆ ಗಂಡುಮಕ್ಕಳಿಗೆಲ್ಲ ಒಂದು ಸಲ ಈ ಶೃಂಗಾರ ಆಗೇ ಆಗುತ್ತದೆ. ಪಕ್ಕದ ಮನೆಯ ಚಲುವಮ್ಮ ಕಿಸಕ್ಕನೆ ನಕ್ಕಳು.

"ಇದೇನು ತೇಜೂನೋ, ಅವನಕ್ಕನೋ?"

"ಕರೀರಿ ಅವನ್ನ, ಪಕ್ಕದಲ್ಲಿ ನಿಲ್ಸಿ ನೋಡಿ. ತೇಜೂ, ಬಾರಪ್ಪ ಇಲ್ಲಿ," ಎಂದು ನಾಗರತ್ನ ಕರೆದಳು.

ತೇಜು ಬರಲಿಲ್ಲ. ಹಿತ್ತಿಲಲ್ಲಿ ಇಲ್ಲ, ಕೊಟ್ಟಿಗೆಯಲ್ಲಿ ಇಲ್ಲ, ಅಕ್ಕಪಕ್ಕದ ಮನೆಗಳಲ್ಲೂ ಇಲ್ಲ.

"ನೀನು ನೋಡ್ಲಿಲ್ವೇನಮ್ಮಿ?" ಎಂದು ಪುಟ್ಟಮಾದಮ್ಮ ಸೊಸೆಯನ್ನು ಕೇಳಿದಳು.

"ನಿಮ್ಮ ತೊಡೆ ಮೇಲೇ ಇದ್ನಲ್ಲ ಅತ್ತೆ," ಎಂದ ದೀಪಿಕಳ ಮುಖದಲ್ಲಿ ರಕ್ತವೇ ಇರಲಿಲ್ಲ. ಟಿ.ವಿ.ಯಲ್ಲಿ ಕಳೆದುಹೋದ ಮಗುವಿಗೆ ಅಳುತ್ತ ಕೂತವರು, ಮಡಿಲಲ್ಲಿದ್ದ ಮಗು ಎದ್ದುಹೋದದ್ದನ್ನು ನೋಡಿರಲಿಲ್ಲ.

ನಾಗರತ್ನ ಫೋನ್ ತೆಗೆದಳು. ಪುಟ್ಟಮಾದಮ್ಮ ಅವಳ ಕೈ ಹಿಡಿದುಕೊಂಡಳು.

"ಪೋಲೀಸ್ನೋರು ಬ್ಯಾಡ ಕಣವ್ವ, ಊರೆಲ್ಲ ಆಡ್ಕತದೆ. ಒಸಿ ತಡಿ, ನಾವೇ ಉಡುಕುವ."

"ಒಂದು ದಿನ ಕಳೀದೆ ಅವ್ರು ಕಂಪ್ಲೇಂಟೂ ತಗೊಳಾಕಿಲ್ವಂತೆ," ಎಂದಳು ಚಲುವಮ್ಮ.

"ಅಂಗಂತ ಯಾವ ಕಾನೂನೂ ಇಲ್ಲ," ಎಂದಳು ನಾಗರತ್ನ. "ಮಗು ಕಾಣ್ಲಿಲ್ಲ ಅಂದ ತಕ್ಷಣ ಹೇಳ್ಬೇಕು, ಅವರು ತಗೊಳ್ಳೇಬೇಕು. ಈಗ ತಾನೇ ನೋಡಿದ್ರಲ್ಲ, ಆ ತಾಯಿ ಮನೆಯೋರೂ ಇಂಗೇ ತಡೆದ್ರು."

ಪುಟ್ಟಮಾದಮ್ಮ ಕೈ ಬಿಟ್ಟಳು. ನಾಗರತ್ನ ೧೧೨ಕ್ಕೆ ಫೋನ್ ಮಾಡಿದಳು. ಯಾವ ಬಣ್ಣದ ಅಂಗಿ ಎಂದು ಅತ್ತಲಿಂದ ಕೇಳಿದರು. ಒಬ್ಬರು ಕೆಂಪು ಅಂದರು, ಇನ್ನೊಬ್ಬರು ನೀಲಿ ಅಂದರು. ಅಷ್ಟರಲ್ಲಿ ಚಲುವಮ್ಮ, ಪಾಪ, ಒಳ್ಳೆಯದಾಗಲಿ ಎಂದೇ ಗೋಡೆ ಮೇಲಿನ ಫೋಟೋವನ್ನು ವಾಟ್ಸಾಪಿಗೆ ಹಾಕಿಬಿಟ್ಟಳು. ಫೋಟೋ ಮದ್ದೂರು ಮುಟ್ಟಿತು. ಅಲ್ಲಿನ ಜನ ಮೊಗ್ಗಿನ ಜಡೆಯ ಹುಡುಗಿಯನ್ನು ಹುಡುಕತೊಡಗಿದರು.

ವಿಷಯ ತಿಳಿದದ್ದೇ ತಡ, ಪುಟ್ಟಮಾದಮ್ಮ ನಾಗರತ್ನಳ ಫೋನ್ ಇಸಿದುಕೊಂಡು ಪೋಲೀಸರಿಗೆ ತಾನೇ ಹೇಳಿದಳು.

"ಸ್ವಾಮಿ, ಅದು ಎಣ್ಣುಮಗ ಅಲ್ಲ, ನಮ್ಮ ಗಂಡುಮಗ. ನಾಕು ವರ್ಸ. ಮುಡಿ ಕೊಟ್ಟು ಈಗ ತಾನೇ ಕೂದ್ಲು ಬತ್ತಾ ಅದೆ. ಎಡಗಡೆ ಉಬ್ಬಿನ ಮೇಲೆ ಗಾಯದ ಗುರ್ತು, ರುಬ್ಬೋ ಒಳಕಲ್ಲಿಗೆ ಬಿದ್ದಿದ್ದ. ಎಸ್ರು ಕೇಳಿದ್ರೆ ಕೂಸಪ್ಪ ಅಂತಾನೆ. ನಾನೇ ಅಂಗೆ ಕರೆಯೋದು." ಫೋಟೋಗೆ ಅಡ್ಡ ಹಿಡಿದ ಸೆರಗು ಅವಳಿಗೆ ಆಗ ನೆನಪಾಯಿತು.

ತೇಜು ಸಿಕ್ಕಿದ. ಬೆಳಿಗ್ಗೆ ತಾತ ಮರಿಯಯ್ಯ ಬೂಸಾ ತರಲು ಮದ್ದೂರಿನ ಬಸ್ಸು ಹತ್ತಿದ್ದನ್ನು ನೋಡಿದ್ದ. ಮಧ್ಯಾಹ್ನದ ಬಸ್ಸು ಬಂದಾಗ ತಾನೂ ಯಾರದೋ ಮಕ್ಕಳ ಹಿಂದೆ ಹತ್ತಿದ್ದ. ಮದ್ದೂರು ಬಸ್ ಸ್ಟ್ಯಾಂಡಿನ ಹೂವಿನವಳು ಅವನನ್ನು ಆಗಲೇ ಕಂಡಿದ್ದಳು. ಫೋನಿಗೆ ಬಂದ ಫೋಟೋ ನೋಡಿ, ಅದು ಹುಡುಗಿ, ಇವನು ಬೇರೆ ಎಂದು ಸುಮ್ಮನಾಗಿದ್ದಳು. ಪೋಲೀಸರು ಬಂದು ಹುಬ್ಬಿನ ಗಾಯ ಕೇಳಿದ ಮೇಲೆ ಎದ್ದು ನೋಡುತ್ತಾಳೆ, ಅವನು ಬೆಂಗಳೂರಿನ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಾನೆ. ಪೋಲೀಸರು ಅವನನ್ನು ಎತ್ತಿಕೊಂಡು, ಮದ್ದೂರಿನಲ್ಲೇ ಇದ್ದ ತಾತನನ್ನು ಕರೆಸಿ ಒಪ್ಪಿಸಿದರು.

ಸಂಜೆಗೆ ಮರಿಯಯ್ಯ ಬೂಸಾ ಚೀಲ ಮರೆತು, ಮೊಮ್ಮಗನನ್ನು ಹೆಗಲ ಮೇಲೆ ಹೊತ್ತು ತಂದ. ಎರಡು ಬಿಗಿಯಬೇಕು ಎಂದು ಕಾದಿದ್ದ ಪುಟ್ಟಮಾದಮ್ಮ, ಕೈಗೆ ಸಿಕ್ಕಿದೊಡನೆ ಅವನನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಆಮೇಲೆ ಎದ್ದು, ಅವನ ಅಂಗಾಲಿಗೆ ಒಂದು ಕಾಡಿಗೆ ಬೊಟ್ಟಿಟ್ಟಳು.

"ದಿಷ್ಟಿಗೆ ಇಷ್ಟು ಸಾಕು. ತೆಗಿಯವ್ವ ನಾಗರತ್ನ, ಫೋಟೋ."

"ಮುಖ ತೊಳ್ಸನಾ ಅತ್ತೆ? ಗೊಣ್ಣೆ ಸುರೀತಾ ಅದೆ," ಎಂದಳು ದೀಪಿಕ.

"ಬ್ಯಾಡ. ಅವನು ಇರಾದೇ ಅಂಗೆ."

ಈಗ ಆ ಮನೆಯಲ್ಲಿ ಮಗುವಿಗೆ ತುತ್ತು ಇಡುವ ಮೊದಲು ಅವನ ಹೆಸರು, ಅಪ್ಪನ ಹೆಸರು, ಊರು, ಫೋನ್ ನಂಬರ್ ಹೇಳಿಸುತ್ತಾರೆ. ಹೇಳಿಸುವವಳು ಪುಟ್ಟಮಾದಮ್ಮನೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗುವಿನ ಮುಖ ಈಗ ಹೇಗಿದೆಯೋ ಹಾಗೇ ಇರುವ ಒಂದು ಫೋಟೋ ಫೋನಿನಲ್ಲಿರಲಿ. ಮಗು ಬೆಳೆದಂತೆ ಅದನ್ನೂ ಬದಲಾಯಿಸಿ. ಮೈಮೇಲಿನ ಗುರುತುಗಳು ಮನೆಯವರಿಗೆಲ್ಲ ಗೊತ್ತಿರಲಿ. ಮಗು ಕಾಣದಿದ್ದರೆ ಮಾನ, ಮರ್ಯಾದೆ, ನಾಳೆ ಅನ್ನಬೇಡಿ. ಕೂಡಲೇ ೧೧೨ಕ್ಕೆ, ಇಲ್ಲವೇ ಮಕ್ಕಳ ಸಹಾಯವಾಣಿ ೧೦೯೮ಕ್ಕೆ ಫೋನ್ ಮಾಡಿ. ಈ ಹಾಳೆ ಕೆಳಗಿಟ್ಟು, ನಿಮ್ಮ ಮಗು ಈಗ ಎಲ್ಲಿದೆ ಎಂದು ಒಮ್ಮೆ ಎದ್ದು ನೋಡಿ ಬನ್ನಿ.