ಬೋಳು ದೋಣಿ

ವಿಜಯವಾಡದ ಸೆಕೆ, ಆಟೋನಗರದ ಶೆಡ್ಡುಗಳ ಬಡಿತ, ಗವರ್ನರ್‌ಪೇಟೆಯ ಲಾಡ್ಜಿನ ತಿಗಣೆ, ಎಲ್ಲ ಸೇರಿ ಚನ್ನಬಸಪ್ಪನಿಗೆ ಸಾಕುಸಾಕಾಗಿತ್ತು. ನೌಕಾಪಡೆಯಿಂದ ನಿವೃತ್ತನಾಗಿ ಹೆಂಡತಿಯ ಊರು ವಿಶಾಖಪಟ್ಟಣದಲ್ಲೇ ನೆಲೆಸಿದ ಧಾರವಾಡದವನು ಅವನು. ಅಳಿಯತನವೆಂದರೆ ಹಬ್ಬದ ಊಟ ಎಂದುಕೊಂಡಿದ್ದವನಿಗೆ ಈ ವಯಸ್ಸಿನಲ್ಲಿ ಮಾವನ ಮರದ ದೋಣಿ ಗಂಟುಬಿದ್ದಿತ್ತು.

ಮಾವ ಈಶ್ವರಯ್ಯನಿಗೆ ಕಡಲಿಗಿಳಿಯುವ ಕಸುವು ಎಂದೋ ಹೋಗಿತ್ತು. ಆದರೂ ಮಧುರವಾಡದ ಮಗಳ ಮನೆಯಿಂದ ಆಟೋ ಹಿಡಿದು ವಿಶಾಖಪಟ್ಟಣದ ದಡಕ್ಕೆ ಹೋಗಿ, ವರ್ಷಕ್ಕೊಮ್ಮೆ ದೋಣಿಗೆ ನೀಲಿ ಬಣ್ಣ ಬಳಿದು ಬರುತ್ತಿದ್ದ. ಸೌದೆಯಾಗುವ ಬದಲು ವಿಜಯವಾಡದ ಮ್ಯೂಸಿಯಮ್ಮಿಗೆ ಹೋಗಲಿ ಎಂದು ಅಳಿಯ ಹೇಳಿದಾಗ ಅಳಿಯನನ್ನು ಅಲ್ಲುಡು ಎಂದೇ ಕರೆಯುವ ಮುದುಕ ತೆಲುಗಿನಲ್ಲಿ ಕೇಳಿದ್ದು ಇಷ್ಟೇ: "ಅದನ್ನ ಚೆನ್ನಾಗಿ ನೋಡ್ಕೋತೀಯಾ, ಅಲ್ಲುಡೂ?"

ಚನ್ನಬಸಪ್ಪ ಮಾತು ಕೊಟ್ಟಿದ್ದ. ಕೊಟ್ಟ ಮಾತಿಗೆ ತಪ್ಪುವ ಆಸಾಮಿಯಲ್ಲ. ಹಡಗಿನಲ್ಲಿ ಅವನು ಕಲಿತದ್ದೂ ಅದನ್ನೇ: ಚೆನ್ನಾಗಿ ನೋಡಿಕೊಳ್ಳುವುದೆಂದರೆ ಮೊದಲು ಹಳೆಯ ಬಣ್ಣವನ್ನು ಬುಡಮಟ್ಟ ಕೆರೆಯುವುದು. ಆಟೋನಗರದ ಶೆಡ್ಡಿನಲ್ಲಿ ದೋಣಿಗೆ ಕಬ್ಬಿಣದ ಪೀಠ ಸಿದ್ಧವಾಗುವಷ್ಟರಲ್ಲಿ ತಾನೇ ಕೂತು ಕೆರೆದ. ಬೆನ್ನು ಬಿದ್ದುಹೋಯಿತು. ಬೋಳು ಮರ ಕಂಡು ಮ್ಯೂಸಿಯಮ್ಮಿನ ಅಧಿಕಾರಿ ಫಣೀಂದ್ರ ಹಿಗ್ಗಿದ. ಎಣ್ಣೆ ಸವರಿಸಿ, ಗಾಜಿನ ಕೋಣೆಯಲ್ಲಿ ನಿಲ್ಲಿಸಿಬಿಟ್ಟ.

ಉದ್ಘಾಟನೆಯ ದಿನ ಹೆಂಡತಿ ದುರ್ಗಾಂಬ ಅಪ್ಪನ ಕೈ ಹಿಡಿದು ಕರೆತಂದಳು. ದೋಣಿ ಕಂಡದ್ದೇ ಸೆರಗು ಬಾಯಿಗೊತ್ತಿಕೊಂಡಳು.

"ಏನ್ ಮಾಡೀರಿ ಇದು? ನಮ್ಮವರಾಗ ದೋಣಿ ಯಜಮಾನ ಸತ್ತ ದಿನ ಅದರ ಬಣ್ಣ ಕೆರೀತಾರ. ಇಷ್ಟು ವರ್ಷ ಸಂಸಾರ ಮಾಡಿ ಅಷ್ಟೂ ತಿಳೀಲಿಲ್ಲೇನು?"

"ನನಗ ಯಾರೂ ಹೇಳಿದ್ದಿಲ್ಲಲ್ಲ..." ಎಂದ ಚನ್ನಬಸಪ್ಪ. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಫಣೀಂದ್ರನ ಹತ್ತಿರ ಓಡಿದ. ಪ್ರದರ್ಶನಕ್ಕಿಟ್ಟ ವಸ್ತುವಿಗೆ ಇನ್ನು ಬಣ್ಣ ಮುಟ್ಟಿಸುವಂತಿಲ್ಲ ಎಂದುಬಿಟ್ಟ ಅವನು.

ಈಶ್ವರಯ್ಯ ಗಾಜಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡಿದ. ಅಳಿಯ ಹತ್ತಿರ ಬಂದು ಕೈಮುಗಿದ. "ತಪ್ಪಾತು ಮಾವಯ್ಯಾ. ಇದನ್ನ ವಾಪಸ್ ಒಯ್ಯೂಣು. ನಾನs ಬಣ್ಣ ಹಚ್ತೀನಿ."

"ಬೇಡ, ಬಿಡು ಅಲ್ಲುಡೂ. ಬಳಿದೂ ಬಳಿದೂ ನನಗೂ ದಣಿವಾಗಿತ್ತು." ಮುದುಕ ಮಗಳ ಕೈಗಾಗಿ ತಡಕಿದ. "ಊರು ಮುಟ್ಟಿದ ಮೇಲೆ ಇಬ್ಬರೂ ತಲೆಗೆ ಸ್ನಾನ ಮಾಡಿ ಸೂತಕ ಕಳೆದುಕೊಳ್ಳಿ. ಆಮೇಲೆ ನನಗೊಂದಿಷ್ಟು ಅನ್ನ ಹಾಕಿ, ಹಸಿವಾಗ್ತಿದೆ."