ಅಂಗೈ ಮತ್ತು ಮುಷ್ಟಿ

ಇನ್‌ಸ್ಪೆಕ್ಷನ್ನಿಗೆ ಸಾಹೇಬರು ಬರುತ್ತಾರೆಂದು ತಿಳಿದ ದಿನವೇ ಪರಪ್ಪ ಮಾಸ್ತರ ಹತ್ತನೆಯ ಇಯತ್ತೆಯವರಿಗೆ ಕೈ ಎತ್ತುವುದನ್ನು ಕಲಿಸಿದ.

ಅದು ಅವನು ಹುಡುಕಿದ ಉಪಾಯವಲ್ಲ. ಹೆಡ್‌ಮಾಸ್ತರರು ಹೇಳಿಕೊಟ್ಟದ್ದು. ಅವರಿಗೆ ಅವರ ಹಿಂದಿನವರು ಹೇಳಿಕೊಟ್ಟಿದ್ದರು. ಸಾಹೇಬರು ಏನೇ ಕೇಳಲಿ, ಇಡೀ ತರಗತಿ ಕೈ ಎತ್ತಬೇಕು. ಉತ್ತರ ಬರುವವರು ಅಂಗೈ ಬಿಚ್ಚಿ ಎತ್ತಬೇಕು, ಬಾರದವರು ಮುಷ್ಟಿ ಕಟ್ಟಿ ಎತ್ತಬೇಕು. ಮಾಸ್ತರ ಅಂಗೈಯವರನ್ನಷ್ಟೇ ಎಬ್ಬಿಸುತ್ತಾನೆ. ಕುರ್ಚಿಯಲ್ಲಿ ಕೂತ ಸಾಹೇಬರಿಗೆ ಕಾಣುವುದು ಕೈಗಳ ಬೆಳೆ. ಅದರಲ್ಲಿ ಕಾಳು ಯಾವುದು ಜಳ್ಳು ಯಾವುದು ಎಂದು ಅವರಿಗೆ ತಿಳಿಯುವುದಿಲ್ಲ.

ಎರಡೇ ದಿನದಲ್ಲಿ ಹುಡುಗರು ತಮ್ಮತಮ್ಮಲ್ಲೇ ಅಂಗೈ ಮಂದಿ, ಮುಷ್ಟಿ ಮಂದಿ ಎಂದು ಕರೆದುಕೊಳ್ಳತೊಡಗಿದರು. ಬಾವಿಯ ಹತ್ತಿರ ನೀರು ಕುಡಿಯುವಾಗಲೂ "ಮುಷ್ಟಿ ಮಂದಿ ಹಿಂದ ನಿಂದರ್ರಿ" ಎಂದು ಅಪ್ಪಾಸಾಬ ದಬ್ಬುತ್ತಿದ್ದ. ಶಾಲೆ ನಡೆಯುತ್ತಿದ್ದ ವಾಡೆ ಅವನ ಅಪ್ಪನದು.

ಊರು ಹೂವಿನ ಹಿಪ್ಪರಗಿಯಿಂದ ಆಚೆಗಿತ್ತು. ಬಸ್ಸು ಒಳಗೆ ಬರುತ್ತಿರಲಿಲ್ಲ, ಕ್ರಾಸಿನಲ್ಲಿ ಇಳಿಸಿ ಮುದ್ದೇಬಿಹಾಳದ ಕಡೆ ಹೋಗಿಬಿಡುತ್ತಿತ್ತು. ಪರಪ್ಪ ಸಿಂದಗಿಯ ಕಡೆಯವನು. ವಿಜಾಪುರದ ಹಾಸ್ಟೆಲ್ಲಿನಲ್ಲಿದ್ದು ಬಿ.ಎ. ಮಾಡಿ, ಮೀಸೆ ದಪ್ಪಗಾಗುವ ಮೊದಲೇ ಮಾಸ್ತರನಾಗಿದ್ದ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಈ ಇನ್‌ಸ್ಪೆಕ್ಷನ್ನಿನಲ್ಲಿ ಸಾಹೇಬರು ಒಳ್ಳೆಯದು ಬರೆದರೆ ಕಾಯಂ. ಇಲ್ಲದಿದ್ದರೆ ಸಿಂದಗಿಗೆ ವಾಪಸು, ಅಣ್ಣನ ಹೊಲದಲ್ಲಿ ಕಳೆ ತೆಗೆಯುವುದು.

ಅವನಿಗೆ ಹೆದರಿಕೆ ಇದ್ದದ್ದು ತಾನು ಕಲಿಸುವ ಇಂಗ್ಲಿಷಿನ 'ಇಫ್' ವಾಕ್ಯಗಳದು. ಹೀಗಾದರೆ ಹಾಗಾಗುತ್ತದೆ, ಹೀಗಾಗಿದ್ದರೆ ಹಾಗಾಗುತ್ತಿತ್ತು ಎನ್ನುವ ಷರತ್ತಿನ ವಾಕ್ಯಗಳು. ಬಿ.ಎ. ಪರೀಕ್ಷೆಗೆ ಒಂದು ಗೈಡಿನಿಂದ ಅವನು ಅವುಗಳನ್ನು ಬಾಯಿಪಾಠ ಮಾಡಿದ್ದ. ಗೈಡಿನಲ್ಲಿ ಮೂರು ಬಗೆ, ಬಗೆಗೊಂದು ಉದಾಹರಣೆ. ಅವು ಅವನಿಗೆ ನಿದ್ದೆಯಲ್ಲೂ ಬರುತ್ತಿದ್ದವು. ಅದರಾಚೆ ಒಂದು ಅಕ್ಷರ ಕೇಳಿದರೆ ಅಂಗೈ ಬೆವರುತ್ತಿತ್ತು. ಇದು ಯಾರಿಗೂ ಗೊತ್ತಿರಲಿಲ್ಲ. ಧ್ವನಿ ಏರಿಸಿ ಪಾಠ ಹೇಳುವುದನ್ನು ಅವನು ಬೇಗ ಕಲಿತಿದ್ದ.

ಆ ಪಾಠದ ದಿನ ಕೊನೆಯ ಬಾಕಿನಿಂದ ನಬಿಲಾಲ ಎದ್ದು ನಿಂತ. ಎದ್ದರೆ ಅವನ ತಲೆ ತೊಲೆಗೆ ತಾಗುವಂತೆ ಕಾಣುತ್ತಿತ್ತು. ಟಾಂಗಾ ಹೊಡೆಯುವ ದಸ್ತಗೀರಸಾಬನ ಮಗ. ಎರಡು ಸಲ ನಪಾಸಾಗಿ, ಸಾಲಿ ಬಿಡುವುದರಲ್ಲಿದ್ದವನು ಮತ್ತೆ ಬಂದಿದ್ದ. ಮದುವೆಯೂ ಆಗಿತ್ತು. ಸಾಲಿಯ ಹೊತ್ತು ಬಿಟ್ಟು ಉಳಿದಂತೆ ಅಪ್ಪನ ಟಾಂಗಾ ಅವನೇ ಹೊಡೆಯುತ್ತಿದ್ದ.

"ಸರ, ನೀ ಬಂದಿದ್ರ ನಾ ಪುಸ್ತಕ ಕೊಡತಿದ್ದೆ ಅಂದ್ರ, ಅಂವ ಬಂದಿಲ್ಲ ಅಲ್ರಿ?"

"ಬಂದಿಲ್ಲ."

"ಇಂವ ಕೊಟ್ಟೂ ಇಲ್ಲ?"

"ಇಲ್ಲ."

"ಎರಡೂ ಆಗಿಲ್ಲಂದ್ರ ಮತ್ತ ಯಾಕ ಹೇಳೂದ್ರಿ ಅದನ್ನ?"

ಪರಪ್ಪ ಮನಸ್ಸಿನಲ್ಲೇ ಗೈಡು ತಿರುವಿದ. ಗೈಡಿನಲ್ಲಿ ಅದು ಇರಲಿಲ್ಲ.

"ಪರೀಕ್ಷೆಗೆ ಬರತೈತಿ, ಅದಕ್ಕ" ಎಂದ. ತರಗತಿ ನಕ್ಕಿತು. ನಬಿಲಾಲನೂ ನಕ್ಕು ಕೂತ. ಆದರೆ ಸಂಜೆ ಮಾಸ್ತರನ ಖೋಲಿಯ ಕಟ್ಟೆಗೆ ಬಂದ.

"ನನಗ ಇದ ಒಂದ ತಿಳೀವಲ್ತರಿ. ತಿಳಿಸಿ ಹೇಳ್ರಿ."

ಅವನನ್ನು ಸಾಗಹಾಕಲು ಪರಪ್ಪ ಒಂದು ಮಾತು ಹೇಳಿದ. "ಬರೇ ತಿಳದ್ರ ಆಗೂದಿಲ್ಲಪಾ, ಕಲೀಬೇಕು. ನೀ ಇಫ್ ಕಲತ್ರ ಅಂಗೈ ಎತ್ತು. ಸಾಹೇಬ್ರ ಮುಂದ ನಿನ್ನನ್ನ ಮೊದಲ ಎಬ್ಬಸ್ತೇನಿ."

"ಖರೇನ್ರಿ?"

"ಖರೇ."

"ನೋಡ್ರಿ ಸರ, ಆಮ್ಯಾಲ ಅಪ್ಪಾಸಾಬನ್ನ ಎಬ್ಬಸ್ತೀರಿ."

"ಮಾತಂದ್ರ ಮಾತಪಾ."

ಹೇಳಿ ಪರಪ್ಪ ಮರೆತ. ನಬಿಲಾಲ ಮರೆಯಲಿಲ್ಲ. ಕ್ರಾಸಿನಿಂದ ಮಂದಿಯನ್ನು ತಂದುಬಿಟ್ಟು, ಕುದುರೆ ಕಟ್ಟಿ, ಪ್ರತಿ ಸಂಜೆ ಕಟ್ಟೆಗೆ ಬಂದ. ಬರುವಾಗಲೇ ವಾಕ್ಯ ಕಟ್ಟಿಕೊಂಡು ಬರುತ್ತಿದ್ದ. ಕುದುರೆ ತಿಂದರೆ ಓಡುತ್ತದೆ. ಗಾಲಿ ಮುರಿಯದೇ ಇದ್ದಿದ್ದರೆ ನಾವು ಮುಟ್ಟಿರುತ್ತಿದ್ದೆವು. ಮೊದಮೊದಲು ಎಲ್ಲ ತಲೆಕೆಳಗು. ಆಮೇಲೆ ಹತ್ತರಲ್ಲಿ ನಾಲ್ಕು ನೆಟ್ಟಗಾದವು, ಆಮೇಲೆ ಏಳೆಂಟು. ಗಾಲಿಯ ವಾಕ್ಯ ಸರಿ ಇದ್ದಂತೆ ಪರಪ್ಪನಿಗೆ ಅನಿಸಿತು, ಆದರೆ ಹೌದೆಂದು ಹೇಳುವ ಧೈರ್ಯ ಬರಲಿಲ್ಲ. ಗೈಡಿನಲ್ಲಿ ಪುಸ್ತಕ ಇತ್ತು, ಗಾಲಿ ಇರಲಿಲ್ಲ.

"ಇರಲಿ, ನಡೀತೈತಿ" ಎನ್ನುತ್ತಿದ್ದ.

"ನಡೀತೈತಿ ಅಂದ್ರ ಬರೋಬ್ಬರಿ ಐತೇನ್ರಿ, ಇಲ್ಲೇನ್ರಿ?"

"ನಡೀತೈತಿ ಅಂದ್ನೆಲ್ಲ."

ಇನ್‌ಸ್ಪೆಕ್ಷನ್ನಿನ ಹಿಂದಿನ ಸಂಜೆ ನಬಿಲಾಲ ಕಟ್ಟೆ ಹತ್ತಲಿಲ್ಲ. ಕೆಳಗೇ ನಿಂತು ಹೇಳಿದ. "ಒಂದು ಮಾಡೇನ್ರಿ ಸರ, ಸ್ವಂತದ್ದು. ನಿಮಗ ಈಗ ಹೇಳೂದಿಲ್ಲ. ನಾಳೆ ಸಾಹೇಬ್ರ ಮುಂದ ಹೇಳ್ತೇನಿ."

ಅವನ ಮುಖದಲ್ಲಿ ಹುಡುಗಾಟ ಇತ್ತು. ಪರಪ್ಪ ಹೇಳು ಎಂದು ಗದರಬೇಕಿತ್ತು, ಗದರಲಿಲ್ಲ. ಹೇಳಿದರೆ ಸರಿಯೋ ತಪ್ಪೋ ತೀರ್ಮಾನ ಮಾಡಬೇಕಾಗುತ್ತಿತ್ತು.

ಬೆಳಿಗ್ಗೆ ಹೆಡ್‌ಮಾಸ್ತರರು ಪರಪ್ಪನನ್ನು ಪಕ್ಕಕ್ಕೆ ಕರೆದರು. "ಸಾಹೇಬ್ರನ್ನ ಕರ್ಕೊಂಡು ಬರಾಕ ನಬ್ಯಾನ ಟಾಂಗಾ ಕಳಸೇನಿ. ಬಂದ ಮ್ಯಾಲ ಹಿಂದ ಕುಂದರಲಿ. ಆದ್ರ ಅವನ ಬಾಯಿ ತಗಸಬ್ಯಾಡ್ರಿ ಮಾಸ್ತರ. ಆ ಟಾಂಗಾದಾಂವ ಏನರ ಒದರಿದ್ರ ನಿಮ್ಮ ಕಾಯಂ ಅಂಬೂದು ಕುದರಿ ಬಾಲ ಹಿಡಕೊಂಡ ಹೊಕ್ಕೈತಿ."

ಪರಪ್ಪ "ಹೌದ್ರಿ" ಎಂದ.

ಸಾಹೇಬರು ಸಣಕಲು ಮನುಷ್ಯ. ಧೋತರ, ಕೋಟು, ಕರಿ ಟೋಪಿ. ಬಾಯಲ್ಲಿ ಅಡಿಕೆ. ಕೆಟ್ಟವರಂತೆ ಕಾಣಲಿಲ್ಲ. ಪರಪ್ಪನ ತರಗತಿಗೆ ಬಂದು ಕುರ್ಚಿಯಲ್ಲಿ ಕೂತು, ಒಂದಷ್ಟು ಶಬ್ದಗಳ ಅರ್ಥ ಕೇಳಿದರು. ಕೈಗಳು ಎದ್ದವು, ಅಂಗೈಗಳು ಉತ್ತರ ಕೊಟ್ಟವು. ಸಾಹೇಬರು ತಲೆ ಆಡಿಸಿದರು. ಬಾಗಿಲಲ್ಲಿ ನಿಂತ ಹೆಡ್‌ಮಾಸ್ತರರು ಮೀಸೆಯಲ್ಲೇ ನಕ್ಕರು.

"ಇಫ್ ಸೆಂಟೆನ್ಸ್ ಮಾಡಿಸೀರೇನು?"

"ಮಾಡಿಸೇನ್ರಿ."

"ಎಲ್ಲಿ, ಆಗದೇ ಹೋದದ್ದರ ಬಗ್ಗೆ ಒಂದು ಹೇಳಲಿ."

ಎಲ್ಲರಿಗಿಂತ ಮೊದಲು ಎದ್ದದ್ದು ಕೊನೆಯ ಬಾಕಿನ ಕೈ. ಉದ್ದನೆಯ ತೋಳು, ತುದಿಯಲ್ಲಿ ಲಗಾಮಿನ ಗೆರೆ ಬಿದ್ದ ಅಂಗೈ. ಐದೂ ಬೆರಳು ಅಗಲವಾಗಿ ಬಿಚ್ಚಿದ್ದವು. ಪರಪ್ಪ ಅದನ್ನು ನೋಡಿದ. ನೋಡಿದ್ದನ್ನು ನಬಿಲಾಲನೂ ನೋಡಿದ, ಅರ್ಧ ಎದ್ದೂ ಬಿಟ್ಟ.

"ಅಪ್ಪಾಸಾಬ, ನೀ ಹೇಳು" ಎಂದ ಪರಪ್ಪ.

ಅಪ್ಪಾಸಾಬ ಎದ್ದು ಗಿಳಿಯಂತೆ ಒಪ್ಪಿಸಿದ. "ಇಫ್ ಯೂ ಹ್ಯಾಡ್ ಕಮ್, ಐ ವುಡ್ ಹ್ಯಾವ್ ಗಿವನ್ ಯೂ ದ ಬುಕ್."

ಸಾಹೇಬರು ನಕ್ಕರು. "ಈ ಪುಸ್ತಕ ಇನ್ನೂ ಯಾರಿಗೂ ಮುಟ್ಟಿಲ್ಲೇನು? ನಾ ಸಾಲಿ ಓದೂ ಕಾಲದಿಂದ ಕೊಡ್ತಾನೇ ಇದ್ದಾರ. ಗೈಡಿಂದು ಬ್ಯಾಡ. ಯಾರಾದರೂ ಸ್ವಂತದ್ದು ಹೇಳ್ರಿ ನೋಡೋಣ."

ಅಪ್ಪಾಸಾಬನ ಅಂಗೈ ಮುಚ್ಚಿತು. ಅವನ ಪಕ್ಕದವನದು ಮುಚ್ಚಿತು. ಸಂಜೆ ಹೂವು ಮುಚ್ಚಿಕೊಂಡ ಹಾಗೆ ಒಂದೊಂದೇ ಅಂಗೈ ಮುಚ್ಚಿಕೊಳ್ಳುತ್ತ ಹೋಗಿ ಇಡೀ ತರಗತಿ ಮುಷ್ಟಿಯಾಯಿತು. ಉಳಿದದ್ದು ಹಿಂದಿನದು ಒಂದೇ.

ಸಾಹೇಬರ ಕಣ್ಣೂ ಅಲ್ಲಿಗೇ ಹೋಯಿತು. "ಅವನು? ಆ ಎತ್ತರದವನು?"

ನಬಿಲಾಲ ಏನು ಹೇಳುತ್ತಾನೋ ಪರಪ್ಪನಿಗೆ ಗೊತ್ತಿಲ್ಲ. ಹೇಳಿದ ಮೇಲೆ ಸಾಹೇಬರು ತನ್ನ ಕಡೆ ತಿರುಗಿ, ಸರಿ ಇದೆಯೇನು ಮಾಸ್ತರ ಎಂದು ಕೇಳಿದರೆ? ಹುಡುಗ ತಪ್ಪು ಹೇಳಿದರೂ ತನಗೆ ತಿಳಿಯದು, ಸರಿ ಹೇಳಿದರೂ ತಿಳಿಯದು. ಅವನಿಗೆ ನಬಿಲಾಲನ ದಡ್ಡತನದ ಹೆದರಿಕೆ ಇರಲಿಲ್ಲ. ತನ್ನದರ ಹೆದರಿಕೆ ಇತ್ತು.

"ಅವನ್ನ ಬಿಡ್ರಿ ಸಾಹೇಬ್ರ. ಟಾಂಗಾ ಹೊಡಿಯಾಂವ. ಏನ ಕೇಳಿದ್ರೂ ಕೈ ಎತ್ತೂದು ಅವಗೊಂದ ಚಟ."

"ಓಹೋ, ನಮ್ಮ ಸಾರಥಿ!" ಎಂದರು ಸಾಹೇಬರು. ತರಗತಿ ಗೊಳ್ಳೆಂದಿತು. ಅಪ್ಪಾಸಾಬ ನಾಲಿಗೆಯಿಂದ ಕುದುರೆ ಹೊಡೆಯುವ ಸದ್ದು ಮಾಡಿದ. ಪರಪ್ಪನೂ ನಕ್ಕ. ನಗಬಾರದಿತ್ತು, ಆದರೆ ನಕ್ಕ.

ನಬಿಲಾಲನ ಕೈ ತಕ್ಷಣ ಇಳಿಯಲಿಲ್ಲ. ಮೇಲೆ ಇದ್ದಹಾಗೇ ಬೆರಳುಗಳು ಮಡಚಿಕೊಂಡವು. ಮುಷ್ಟಿಯಾದ ಮೇಲೆ ಇಳಿಯಿತು.

ಸಾಹೇಬರು ಒಳ್ಳೆಯದನ್ನೇ ಬರೆದರು. ಇಂಗ್ಲಿಷಿನಲ್ಲಿ ಮಾಸ್ತರರ ಶ್ರಮ ಕಾಣುತ್ತದೆ ಎಂದು ಬರೆದದ್ದನ್ನು ಹೆಡ್‌ಮಾಸ್ತರರು ಎರಡು ಸಲ ಓದಿ ಹೇಳಿದರು. ಮಾದಲಿ, ಹಾಲು, ತುಪ್ಪದ ಊಟವಾಯಿತು. ಪರಪ್ಪನ ಎಲೆಗೆ ಹೆಡ್‌ಮಾಸ್ತರರೇ ತುಪ್ಪ ಹಾಕಿಸಿದರು. ಸಾಹೇಬರನ್ನು ಬಸ್ಸಿಗೆ ಹತ್ತಿಸಿ ಬರುವ ಮಾನವೂ ಅವನಿಗೇ ಬಂತು.

ಟಾಂಗಾದಲ್ಲಿ ಸಾಹೇಬರು ಖುಷಿಯಲ್ಲಿದ್ದರು. ಅರ್ಧ ದಾರಿಗೆ ನಬಿಲಾಲನ ಬೆನ್ನಿಗೆ ಕೇಳಿದರು. "ಏನಪಾ ಸಾರಥಿ, ಖರೇನ ಬರತಿತ್ತೇನು ನಿನಗ? ಈಗ ಹೇಳು, ಕೇಳೋಣ."

ಪರಪ್ಪ ಟಾಂಗಾದ ಕಂಬಿ ಹಿಡಿದ.

ನಬಿಲಾಲ ತಿರುಗಲಿಲ್ಲ. "ಇಲ್ರೀ ಸಾಹೇಬ್ರ. ಚಟ ಐತ್ರಿ."

ಸಾಹೇಬರು ಮತ್ತೆ ನಕ್ಕರು. ಬಸ್ಸು ಬಂತು, ಹತ್ತಿ ಹೋದರು.

ಇದೇ ಕ್ರಾಸಿನಲ್ಲಿ ಪರಪ್ಪ ಕಳೆದ ಜೂನಿನಲ್ಲಿ ಟ್ರಂಕು ಹಿಡಿದು ಇಳಿದಿದ್ದ. ಆಗ ನಬಿಲಾಲನೇ ಕರೆದುಕೊಂಡು ಹೋಗಿದ್ದ. ದಾರಿಯುದ್ದಕ್ಕೂ ಸುಮ್ಮನೆ ಕೂರಲಾರದೆ ಪರಪ್ಪ, "ಟಾಂಗಾ ಹೊಡಕೋಂತನೂ ಸಾಲಿ ಕಲೀಬಹುದಲ್ಲಪಾ" ಎಂದಿದ್ದ. ಸೋಮವಾರ ನೋಡಿದರೆ ಅವನು ಕೊನೆಯ ಬಾಕಿನ ಮೇಲೆ ಕೂತಿದ್ದ. ಅದು ಪರಪ್ಪನಿಗೆ ಈಗ ನೆನಪಾಯಿತು. ಟಾಂಗಾ ಊರ ಕಡೆ ತಿರುಗಿತು. ಕುದುರೆಯ ಗೆಜ್ಜೆ ಮಾತ್ರ ಮಾತಾಡುತ್ತಿತ್ತು.

ದಸ್ತಗೀರಸಾಬ ಮನೆಯ ಮುಂದೆ ಹಳೆಯ ಲಗಾಮಿಗೆ ಹೊಲಿಗೆ ಹಾಕುತ್ತಿದ್ದ. ಟಾಂಗಾ ಕಂಡವನೇ ಎದ್ದು ಬಂದ.

"ಬರ್ರಿ ಮಾಸ್ತರ್ರ, ಇಳೀರಿ. ಇವತ್ತ ಹಂಗ ಹೋಗಾಕ ಬಿಡೂದಿಲ್ಲ. ಹೇಳ್ರಿ, ನಮ್ಮಾಂವ ಅಂದನೇನ್ರಿ ಮಾತು? ದಿನಾ ಕುದರಿಗೆ ಮೈ ತಿಕ್ಕೋತ ಅದನ್ನ ಅಂತಾನ. ಕುದರಿಗಿ ಬಾಯಿಪಾಠ ಆಗೇತಿ, ನನಗೂ ಆಗೇತಿ. ಇಪ್ಪ ಪರಪ್ಪಾ ಸರ ಹ್ಯಾಡ ನಾಟ ಕಮ್ಮ, ಐ ಉಡ್ಡ ಹ್ಯಾವ ಲೆಪ್ಟ ಸ್ಕೂಲ. ಹೌದಲ್ರಿ? ನಿಮ್ಮ ಹೆಸರ ಐತಿ ಅಂಬೂದಷ್ಟ ತಿಳದೇತಿ. ಕೇಳಿದ್ರ ಇಂವ ಹೇಳವಲ್ಲ. ಏನ್ರಿ ಹಂಗಂದ್ರ?"

ಪರಪ್ಪ ಹೇಳಬೇಕಾಯಿತು. ಅವನ ಬಾಯಿಂದಲೇ ಬರಬೇಕಾಯಿತು.

"ಪರಪ್ಪ ಸರ ಬರಲಾರದ ಇದ್ದಿದ್ರ, ನಾ ಸಾಲಿ ಬಿಟ್ಟಿರತಿದ್ದೆ ಅಂತ."

"ಯಾ ಅಲ್ಲಾ" ಎಂದ ಮುದುಕ. ಆಮೇಲೆ, "ಖರೇ ಐತ್ರಿ ಅದು. ಸಾಹೇಬ್ರು ಏನಂದ್ರು ಕೇಳಿ?"

ನಬಿಲಾಲ ಕುದುರೆಯ ಹಗ್ಗ ಬಿಚ್ಚುತ್ತಿದ್ದ. ಬಿಚ್ಚುವ ಕೈ ನಿಂತಿತು. ನೋಡಲಿಲ್ಲ, ಕೇಳುತ್ತಿದ್ದ.

"ಶಾಬಾಸ್ ಅಂದ್ರು" ಎಂದ ಪರಪ್ಪ.

"ಬಾನೂ! ಕೇಳಿದೇನ? ಶಾಬಾಸ್ ಅಂದ್ರಂತ!"

ಒಳಗಿನಿಂದ ನಬಿಲಾಲನ ಹೆಂಡತಿ ಬಾನುಬಿ ಸೆರಗು ಸರಿ ಮಾಡಿಕೊಳ್ಳುತ್ತ ಬಂದಳು. ತಾಟಿನಲ್ಲಿ ಬೆಲ್ಲ, ಹುರಿದ ಪುಠಾಣಿ ಕಡಲೆ. "ತಗೋರಿ ಮಾಸ್ತರ್ರ, ಬಾಯಿ ಸಿಹಿ ಮಾಡ್ಕೋರಿ. ನಿಮ್ಮ ಪುಣ್ಯಾ ದೊಡ್ಡದು." ಅವನು ಹಿಡಿ ತುಂಬ ತೆಗೆದುಕೊಂಡ. ತಿಂದ. ಬೆಲ್ಲ ಹಲ್ಲಿಗೆ ಹತ್ತಿಕೊಂಡು ನುಂಗಲು ಬರಲಿಲ್ಲ. ಅವರಿಬ್ಬರೂ ಅವನು ತಿನ್ನುವುದನ್ನೇ ನೋಡುತ್ತ ನಿಂತಿದ್ದರು.

"ಅಪ್ಪಾ, ಕುದರಿ ನೀರಡಿಸೇತಿ" ಎಂದು ನಬಿಲಾಲ ಕುದುರೆ ಹಿಡಿದುಕೊಂಡು ಹೊಂಡದ ಕಡೆ ಹೋದ. ಅಪ್ಪನಿಗೆ ಏನನ್ನೂ ಹೇಳಲಿಲ್ಲ. ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಪರಪ್ಪನಿಗೆ ಅನಿಸಿತು. ಯಾರಾದರೂ ಮುಖಕ್ಕೆ ಉಗಿದಿದ್ದರೆ ಒರೆಸಿಕೊಳ್ಳಬಹುದಿತ್ತು.

ಮರುದಿನ ತರಗತಿಯಲ್ಲಿ ಹುಡುಗರು ಹಬ್ಬ ಮುಗಿದವರಂತೆ ಸಡಿಲವಾಗಿದ್ದರು. ನಬಿಲಾಲ ಬಂದಿದ್ದ, ಅದೇ ಬಾಕಿನ ಮೇಲೆ. ಪರಪ್ಪ ಗೈಡನ್ನು ಖೋಲಿಯಲ್ಲೇ ಬಿಟ್ಟು ಬಂದಿದ್ದ. ಹಲಗೆಗೆ ಬೆನ್ನು ಕೊಟ್ಟು ನಿಂತು ಕೇಳಿದ.

"ಅಂವ ಬಂದಿಲ್ಲ, ಇಂವ ಕೊಟ್ಟಿಲ್ಲ. ಎರಡೂ ಆಗಿಲ್ಲ. ಮತ್ತ ಬಂದಿದ್ರ ಕೊಡತಿದ್ದೆ ಅಂತ ಯಾಕ ಹೇಳ್ತಾರ? ಯಾರಿಗರ ಗೊತ್ತೈತೇನು?"

ಯಾರೂ ಕೈ ಎತ್ತಲಿಲ್ಲ. ಸಾಹೇಬರು ಹೋದ ಮೇಲೆ ಕೈ ಎತ್ತುವ ದರಕಾರು ಯಾರಿಗೂ ಇರಲಿಲ್ಲ. ಕೊನೆಯ ಬಾಕಿನಿಂದ ಒಂದೇ ಕೈ ಎದ್ದಿತು. ಮುಷ್ಟಿ ಕಟ್ಟಿದ ಕೈ.

"ಹೇಳು ನಬಿಲಾಲ" ಎಂದ ಪರಪ್ಪ. ಅವನ ಧ್ವನಿ ಬೇಡುವವನ ಧ್ವನಿಯಂತೆ ಕೇಳಿಸಿತು.

ನಬಿಲಾಲ ಏಳಲಿಲ್ಲ. ಕೈಯನ್ನು ಇನ್ನಷ್ಟು ಮೇಲಕ್ಕೆ ಹಿಡಿದ, ಮಾಸ್ತರನಿಗೆ ಸರಿಯಾಗಿ ಕಾಣಲೆಂಬಂತೆ.

"ಮುಷ್ಟಿ ಐತ್ರಿ ಸರ."

ತರಗತಿ ನಕ್ಕಿತು. ಪರಪ್ಪ ಹಲಗೆಯ ಕಡೆ ತಿರುಗಿದ. ಸುಣ್ಣದ ಕಡ್ಡಿ ಕೈಯಲ್ಲಿತ್ತು, ಬರೆಯಲು ಏನೂ ಇರಲಿಲ್ಲ.