ದ್ಯಾವಮ್ಮನ ಕೈ

“ಸೊಂಟ ಗಟ್ಟಿಯಾಗಿ ಇಡ್ಕೊ ಸಿದ್ದರಾಜಣ್ಣ, ಈಗ ಎಳೀತೀನಿ ನೋಡು” ಎಂದು ಕುಳ್ಳಯ್ಯ ಮೊಣಕಾಲನ್ನು ಬೆಂಚಿನ ಅಂಚಿಗೆ ಊರಿ, ಸತ್ತ ರವೀಂದ್ರನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಜಗ್ಗಿದ. ಕೈ ಬಗ್ಗಲಿಲ್ಲ. ಇಡೀ ಮೈಯೇ ವಾಲಿ ಸಿದ್ದರಾಜುವಿನ ಎದೆಗೆ ಬಂದು ಬಿತ್ತು. ತಮ್ಮನನ್ನು ತಬ್ಬಿಕೊಂಡೇ ನಿಂತ ಸಿದ್ದರಾಜು, “ಮೆಲ್ಲಗೆ ಕಣ್ಲಾ, ಮೆಲ್ಲಗೆ” ಎಂದ.

ಕ್ಯಾತನಹಳ್ಳಿಯಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಮೀಯಿಸಿ, ಜಗುಲಿಯ ಬೆಂಚಿನ ಮೇಲೆ ಕೂರಿಸಿ, ಎರಡೂ ಕೈ ಜೋಡಿಸಿ ಹಾರ ಹಾಕುತ್ತಾರೆ. ಹೋಗುವವನು ಬಂದವರಿಗೆಲ್ಲ ಕೈ ಮುಗಿದೇ ಹೋಗಬೇಕು, ಅದು ಅಲ್ಲಿನ ಮರ್ಯಾದೆ. ಆದರೆ ರವೀಂದ್ರ ಬಲಗೈಯನ್ನು ತಲೆಯ ಮೇಲಕ್ಕೆ ಚಾಚಿಕೊಂಡು ಮಲಗುವ ಮನುಷ್ಯ. ಹಾಗೆ ಮಲಗಿದವನು ನಿದ್ದೆಯಲ್ಲೇ ಹೋಗಿಬಿಟ್ಟಿದ್ದ. ಹೆಂಡತಿ ದ್ಯಾವಮ್ಮ ಹಾಲು ಕರೆದು, ಡೈರಿಗೆ ಹಾಕಿ ಬಂದು, ಕಾಫಿ ಹಿಡಿದುಕೊಂಡು ಎಬ್ಬಿಸಲು ಹೋದಾಗ ಕೈ ಆಗಲೇ ಸೆಟೆದುಕೊಂಡಿತ್ತು. ಈಗ ಕೂರಿಸಿದರೆ, ಒಂದಕ್ಕೆ ಹೋಗಲು ಮೇಷ್ಟರನ್ನು ಕೇಳುವ ಹುಡುಗನ ಹಾಗೆ ಕೈ ಎತ್ತಿಕೊಂಡು ಕೂತಿದ್ದ. ಬೇರೆ ದಿನವಾಗಿದ್ದರೆ ಅವನೇ ಮೊದಲು ನಗುತ್ತಿದ್ದ.

“ಬಿಸ್ನೀರು ಉಯ್ದಾಯ್ತು, ಎಣ್ಣೆ ತಿಕ್ಕಾಯ್ತು” ಎಂದು ಕುಳ್ಳಯ್ಯ ಬೆವರು ಒರೆಸಿಕೊಂಡ. ಊರಿನಲ್ಲಿ ಯಾರು ಸತ್ತರೂ ಮುಂದೆ ನಿಂತು ಕೂರಿಸಿ ಕಳಿಸುವವನು ಅವನೇ. “ಇನ್ನು ಕೀಲು ಮುರೀಲೇಬೇಕು ಕಣಣ್ಣ. ಸತ್ತೋರ್ಗೆ ನೋವೆಲ್ಲೈತೆ? ಲಟಕ್ ಅಂದ್ರೆ ಆಗೋಯ್ತು.”

ಸಿದ್ದರಾಜು ಬಾಗಿಲ ಕಡೆ, ಬೀದಿಯ ಕಡೆ ನೋಡಿದ. “ಅನು ನಾಗಮಂಗಲ ಬುಟ್ಟವಳಂತೆ. ಮಗಳು ಬರೋದ್ರೊಳಗೆ ಆಗ್ಬೇಕು. ಅಪ್ಪನ್ನ ಅವಳು ಇಂಗೆ ನೋಡ್ಬಾರ್ದು. ಏನ್ ಮಾಡ್ತೀಯೋ ಮಾಡು.”

ನಡುಮನೆಯಲ್ಲಿ ಹೆಂಗಸರ ನಡುವೆ ಗೋಡೆಗೆ ಒರಗಿದ್ದ ದ್ಯಾವಮ್ಮನಿಗೆ ಅಷ್ಟೂ ಕೇಳಿಸಿತು. ಅವಳು ಪಕ್ಕದಲ್ಲಿದ್ದ ಪದ್ಮ ಮೇಡಂ ಮುಂಗೈ ಹಿಡಿದುಕೊಂಡಳು. ಪದ್ಮ ಶ್ರೀರಂಗಪಟ್ಟಣದ ನಿವೃತ್ತ ಶಿಕ್ಷಕಿ, ತಲೆನೋವಿಗೆಂದು ವರ್ಷಗಟ್ಟಲೆ ರವೀಂದ್ರನಲ್ಲಿಗೆ ಸೂಜಿ ಚಿಕಿತ್ಸೆಗೆ ಬಂದವರು.

“ಮೇಡಂ, ಅವ್ರು ಯಾವತ್ತಾರ ಯಾರ ಕೈನಾದ್ರೂ ಜಗ್ಗಿದ್ರಾ?”

“ಇಲ್ಲಮ್ಮ. ಅವರು ಸೂಜಿ ಇಟ್ಟರೆ ನನಗೆ ನಿದ್ದೇನೇ ಬಂದುಬಿಡ್ತಿತ್ತು.”

“ಅವ್ರ ಕೈ ಮುರೀತಾರಂತೆ ಮೇಡಂ.”

“ಬೇಡ ಅಂತ ನೀವೇ ಹೋಗಿ ಹೇಳಿ.”

“ಅಲ್ಲಿ ಭಾವ ಅವ್ರೆ ಮೇಡಂ” ಎಂದಳು ದ್ಯಾವಮ್ಮ.

ಗಂಡನ ಅಣ್ಣನ ಎದುರು ನಿಂತು ಮಾತಾಡುವ ರೂಢಿ ಆ ಮನೆಯಲ್ಲಿಲ್ಲ. ಏನಿದ್ದರೂ ಬಾಗಿಲ ಮರೆಯಿಂದಲೇ. ತಟ್ಟೆಯನ್ನು ಕೂಡ ಕೈಗೆ ಕೊಡುವ ಹಾಗಿಲ್ಲ, ನೆಲದ ಮೇಲಿಟ್ಟು ಸರಿಯಬೇಕು. ಆದರೆ ಅವಳನ್ನು ಗೋಡೆಗೆ ಕಟ್ಟಿಹಾಕಿದ್ದು ಅದೊಂದೇ ಅಲ್ಲ. ಆ ಕೈಯನ್ನು ಮುರಿಯದೆ ಇಳಿಸುವುದು ಅವಳಿಗೆ ಗೊತ್ತಿತ್ತು. ಭಾವನ ಕಣ್ಣೆದುರು ಇಳಿಸಿದರೆ ಮಾತ್ರ, ಅವಳಿಗೂ ಸತ್ತವನಿಗೂ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲದ ಒಂದು ಸಂಗತಿ ಬಯಲಾಗುತ್ತಿತ್ತು.

*

ರವೀಂದ್ರ ಮಿಲಿಟರಿಯಲ್ಲಿ ಆಸ್ಪತ್ರೆ ಕೆಲಸದಲ್ಲಿದ್ದವನು. ಕಲ್ಕತ್ತಾದಲ್ಲಿದ್ದಾಗ ಬೆನ್ನುನೋವು ಬಂದು, ತಲೆಮಾರುಗಳಿಂದ ಅಲ್ಲೇ ನೆಲೆಸಿದ್ದ ಚೀನೀ ಮನೆತನದ ಮುದುಕ ವೈದ್ಯನೊಬ್ಬನ ಹತ್ತಿರ ಹೋದ. ಬೆನ್ನುನೋವು ಹೋಯಿತೋ ಬಿಟ್ಟಿತೋ, ಇವನು ಮಾತ್ರ ಬಿಡುವು ಸಿಕ್ಕಾಗಲೆಲ್ಲ ಆ ಮುದುಕನ ಪಕ್ಕ ಹೋಗಿ ಕೂರತೊಡಗಿದ. ಪೆನ್ಶನ್ ಮೇಲೆ ಊರಿಗೆ ಬಂದಾಗ ಟ್ರಂಕಿನ ತುಂಬ ಮೈಗೆ ಚುಚ್ಚಿ ನೋವು ಇಳಿಸುವ, ಕೂದಲಿನಷ್ಟು ಸಣ್ಣ ಸೂಜಿಗಳು, ಬೇರು ತೊಗಟೆಯ ಪೊಟ್ಟಣಗಳು. ತಾಯಿ ದೊಡ್ಡತಾಯಮ್ಮ ಒಂದೊಂದನ್ನೇ ಮೂಸಿ ನೋಡಿ, “ಇದು ಶುಂಠಿ. ಇದು ಚಕ್ಕೆ. ಇದು ಜೇಷ್ಠಮಧು. ಇದ್ಕಾ ಅಷ್ಟು ದೂರ ಹೋಗಿದ್ದು ನೀನು? ಪಾಂಡವಪುರದ ಸಂತೇಲಿ ಸಿಕ್ಕಾಕಿಲ್ವೇನ್ಲಾ?” ಎಂದಿದ್ದಳು.

ಆ ಪಾಂಡವಪುರದಲ್ಲೇ, ಬಸ್‌ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದ. ಸೂಜಿ ರವೀಂದ್ರ ಎಂದು ಹೆಸರಾಯಿತು. ಎದೆನೋವು ಎಂದು ಬಂದವರನ್ನು ಕೂರಿಸಿಕೊಳ್ಳದೆ ದೊಡ್ಡಾಸ್ಪತ್ರೆಗೆ ಅಟ್ಟುತ್ತಿದ್ದ. ಮಂಡಿ, ಸೊಂಟ, ಕತ್ತು, ನಿದ್ದೆ ಬಾರದವರು, ಇಷ್ಟು ಅವನ ಪಾಲು. ಕೊರೊನಾ ಬಂದಾಗ ಯಾರೋ ಅವನ ಬೋರ್ಡಿನ ‘ಚೀನೀ’ ಎಂಬ ಪದಕ್ಕೆ ಸೆಗಣಿ ಮೆತ್ತಿ ಹೋದರು. “ಸೆಗಣಿ ಒಳ್ಳೇದೇ ಬುಡು, ಕ್ರಿಮಿ ಸಾಯ್ತವೆ” ಎಂದು ತಾನೇ ತೊಳೆದ.

ಹೆಂಗಸರ ಬೆನ್ನು ನೀವಲು ದ್ಯಾವಮ್ಮನಿಗೆ ಹೇಳಿಕೊಟ್ಟ. “ಮೊದ್ಲು ಕೈ ಇಡು. ಒತ್ತಬ್ಯಾಡ, ಸುಮ್ನೆ ಇಡು. ಈ ಕೈ ನಂಗೇನೂ ಮಾಡಾಕಿಲ್ಲ ಅಂತ ಆ ಮೈಗೆ ಗೊತ್ತಾಗ್ಲಿ. ಆಮೇಲೆ ಅದೇ ದಾರಿ ಬುಡ್ತದೆ.”

“ಅದೇನ್ ಮಹಾ? ಹೊಸಾ ಹಸ ಕರಿಯೋವಾಗ ನಾನು ಅಂಗೇ ಮಾಡೋದು.”

“ಅದ್ಕೇ ನಿನ್ನ ಕರೆದಿದ್ದು” ಎಂದು ನಕ್ಕಿದ್ದ.

*

ಆಮೇಲೆ ರವೀಂದ್ರನ ಕೈಗಳೇ ನಡುಗತೊಡಗಿದವು. ಮೈಸೂರಿನ ಡಾಕ್ಟರು ಮಾತ್ರೆ ಕೊಟ್ಟರು, ನಡುಕ ಪೂರ್ತಿ ನಿಲ್ಲುವುದಿಲ್ಲ ಎಂದೂ ಹೇಳಿದರು. ಅವತ್ತೇ ಸೂಜಿಗಳನ್ನು ಎತ್ತಿಟ್ಟ. ಬಂದವರಿಗೆ ಕಷಾಯ, ಮಾತು, ಹೆಂಗಸರಿಗೆ ದ್ಯಾವಮ್ಮ. ಅಣ್ಣನಿಗೆ ಮಾತ್ರ ಹೇಳಲಿಲ್ಲ. “ಅವನು ಮಗು ಇದ್ದಂಗೆ, ಅತ್ಬುಡ್ತಾನೆ” ಎಂದ. ಅಣ್ಣ ಎದುರಾದರೆ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ.

ಅದೇ ಹೊತ್ತಿಗೆ ಸಿದ್ದರಾಜುವಿನ ಬಲಭುಜ ಹಿಡಿದುಕೊಂಡಿತು. ಅಂಗಿ ತೊಡಲಿಕ್ಕೂ ಯಾರಾದರೂ ಬೇಕು. ಹೆಂಡತಿ ತೀರಿಕೊಂಡ ಮೇಲೆ ಆ ಯಾರಾದರೂ ಇರಲಿಲ್ಲ. ಒಂದು ದಿನ ಬಂದವನೇ ಕೋಣೆಯ ಮಂಚದ ಮೇಲೆ ಬೋರಲು ಮಲಗಿ, “ಏನಾರ ಮಾಡ್ಲಾ, ರಾತ್ರಿಯೆಲ್ಲ ನಿದ್ದೆಯಿಲ್ಲ” ಎಂದ.

“ಇವತ್ತು ಸೂಜಿ ಬ್ಯಾಡಣ್ಣ, ಕೈಯಲ್ಲೇ ನೋಡವ. ಕಣ್ಮುಚ್ಕೊ” ಎಂದ ರವೀಂದ್ರ ಬಾಗಿಲಲ್ಲಿದ್ದ ಹೆಂಡತಿಯನ್ನು ನೋಡಿದ. ಅವಳು ಬೆಚ್ಚಿ, ಆಗುವುದಿಲ್ಲವೆಂದು ತಲೆಯಾಡಿಸಿದಳು. ಅವನು ನಡುಗುವ ಎರಡೂ ಕೈಗಳನ್ನು ಜೋಡಿಸಿ ಅವಳಿಗೆ ಮುಗಿದ.

ದ್ಯಾವಮ್ಮ ಬಳೆಗಳನ್ನು ಮೊಣಕೈವರೆಗೆ ಸರಿಸಿ, ಸದ್ದಾಗದ ಹಾಗೆ ಕರ್ಚೀಫು ಕಟ್ಟಿಕೊಂಡು ಬಂದಳು. ರವೀಂದ್ರ ಅಣ್ಣನ ತಲೆಯ ಹತ್ತಿರ ನಿಂತು ನಾಲೆಯ ನೀರು, ಕಬ್ಬಿನ ರೇಟು, ಬೆಳ್ಳೂರಿನ ನೆಂಟರ ಜಗಳ ಎಲ್ಲ ಒದರುತ್ತಿದ್ದ. ಅವನ ಮಾತು, ಅವಳ ಕೈ. ಹೀಗೇ ಒಂದು ಮಳೆಗಾಲ ಕಳೆಯಿತು. ಸಿದ್ದರಾಜುವಿನ ತೋಳು ಸ್ವಲ್ಪ ಸ್ವಲ್ಪವೇ ಮೇಲೇಳತೊಡಗಿತು. ಒಂದು ದಿನ ಮುಖವನ್ನು ದಿಂಬಿನಲ್ಲೇ ಹುದುಗಿಸಿಕೊಂಡು ಅವನೆಂದ: “ಅವ್ವ ಸತ್ಮೇಲೆ ನನ್ನ ಮೈಯ ಇಂಗೆ ಯಾರೂ ಮುಟ್ಟಿರ್ನಿಲ್ಲ ಕಣ್ಲಾ.”

ದ್ಯಾವಮ್ಮ ಹೊರಗೆ ಬಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಗಂಡನಿಗೆ, “ಗೊತ್ತಾದ್ರೆ ಭಾವ ಈ ಮನೆ ಮೆಟ್ಲು ತುಳಿಯಾಕಿಲ್ಲ. ಅಣ್ಣ ತಮ್ಮಂದಿರ್ನ ನಾನೇ ದೂರ ಮಾಡ್ದಂಗಾಯ್ತದೆ” ಎಂದಳು.

“ಗೊತ್ತಾಗಾಕಿಲ್ಲ ಬುಡು” ಎಂದಿದ್ದ ರವೀಂದ್ರ.

*

“ಆ ಒನಕೆ ತತ್ತಾರಪ್ಪ ಯಾರಾರ. ಮೊಣಕೈ ಕೆಳಕ್ಕೆ ಕೊಟ್ಟು ಒತ್ಬುಡವ” ಎಂದು ಜಗುಲಿಯಿಂದ ಕುಳ್ಳಯ್ಯ ಕೂಗಿದ.

ದ್ಯಾವಮ್ಮ ಎದ್ದಳು. “ಏ, ಕೂತ್ಕೊಳ್ಳವ್ವ, ಗಂಡಸ್ರು ಅವ್ರೆ ಅಲ್ಲಿ” ಎಂದು ಹೆಂಗಸರು ಸೆರಗು ಹಿಡಿದರು. ಬಿಡಿಸಿಕೊಂಡು ಹೊಸ್ತಿಲು ದಾಟಿದಳು.

“ಬುಡಿ ಕುಳ್ಳಯ್ಯಣ್ಣ. ನಾನು ಇಳಿಸ್ತೀನಿ.”

“ನೀನೇನ್ ಮಾಡೀಯವ್ವ? ಗಂಡಸ್ರು ಜಗ್ಗಿದ್ರೇ ಬರ್ನಿಲ್ಲ.”

“ಭಾವ” ಎಂದು ಅವಳು ಸಿದ್ದರಾಜುವಿನ ಕಡೆ ತಿರುಗಿದಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವನ ಮುಖ ನೋಡಿ ಆಡಿದ ಮೊದಲ ಮಾತು ಅದು. “ಅವ್ರ ಕೈ ಮುರಿಯಾಕೆ ನಾನು ಬುಡಾಕಿಲ್ಲ. ನೀವು ನನ್ನ ಏನಾರ ಅಂದ್ಕೊಳ್ಳಿ.”

ಸಿದ್ದರಾಜು ತಮ್ಮನ ಸೊಂಟವನ್ನು ಹಿಡಿದೇ ಇದ್ದ.

ಅವಳು ಬಲಗೈಯನ್ನು ಗಂಡನ ಭುಜದ ಮೇಲಿಟ್ಟಳು. ಒತ್ತಲಿಲ್ಲ, ಸುಮ್ಮನೆ ಇಟ್ಟಳು. ಹೊತ್ತು ಹೋಯಿತು. ಕುಳ್ಳಯ್ಯ ಒನಕೆ ಹಿಡಿದುಕೊಂಡು ಕೆಮ್ಮಿದ. ಆಮೇಲೆ ಎಡಗೈಯ ಹೆಬ್ಬೆರಳು ಹೆಗಲ ಮೂಳೆಯ ಕೆಳಗೆ ಇಳಿದು, ಅಲ್ಲೇ ನಿಂತು, ನಿಧಾನಕ್ಕೆ ಸುತ್ತತೊಡಗಿತು. ಅಂಗೈ ಕತ್ತಿನಿಂದ ತೋಳಿಗೆ ಜಾರಿ, ತೋಳಿನಿಂದ ಮತ್ತೆ ಕತ್ತಿಗೆ ಬಂತು. ಈ ಸಲ ಅವಳು ಬಳೆ ಸರಿಸಿರಲಿಲ್ಲ, ಅವು ತಮ್ಮ ಪಾಡಿಗೆ ಸದ್ದು ಮಾಡುತ್ತಿದ್ದವು.

ಸಿದ್ದರಾಜು ಒಂದು ಗೇಣು ದೂರದಲ್ಲಿದ್ದ. ಹೆಬ್ಬೆರಳು ಮುಂದೆ ಎಲ್ಲಿಗೆ ಹೋಗುತ್ತದೆಂದು ಅದು ಹೋಗುವ ಮೊದಲೇ ಅವನ ಭುಜಕ್ಕೆ ಗೊತ್ತಾಗುತ್ತಿತ್ತು. ಮಳೆಗಾಲವಿಡೀ ತನ್ನ ಮೈಯನ್ನು ನೀವಿದ ಕೈ ಇದು, ತಮ್ಮನದಲ್ಲ. ಅವನು ತಮ್ಮನ ಮುಖ ನೋಡಿದ, ಅವಳ ಕೈ ನೋಡಿದ, ಮತ್ತೆ ತಮ್ಮನ ಮುಖ ನೋಡಿದ.

ಭಾವ ತನ್ನನ್ನೇ ನೋಡುತ್ತಿರುವುದು ದ್ಯಾವಮ್ಮನಿಗೆ ತಿಳಿಯಿತು. ಭಯವಾಯಿತು, ಕೈ ನಿಲ್ಲಿಸಲಿಲ್ಲ. “ಸಾಕು, ಇಳಿಸ್ಕಳಿ” ಎಂದು ಗಂಡನ ಕಿವಿಯ ಹತ್ತಿರ ಪಿಸುಗುಟ್ಟಿದಳು. “ಎಷ್ಟೊತ್ತು ಅಂತ ಎತ್ಕಂಡಿರ್ತೀರಿ?” ಮೊದಲು ಬೆರಳು ಸಡಿಲವಾದವು, ಆಮೇಲೆ ಮೊಣಕೈ. ಭುಜ ಕೊನೆಗೆ ಬಂತು. ತೊಟ್ಟಿಲಿನಿಂದ ಮಗು ಎತ್ತುವವಳ ಹಾಗೆ ಆ ತೋಳನ್ನು ಹೊತ್ತು ತಂದು ಅವನ ಎಡಗೈಗೆ ಕೂಡಿಸಿದಳು. ಕುಳ್ಳಯ್ಯ ಒನಕೆ ಗೋಡೆಗೆ ಒರಗಿಸಿ, ಎರಡು ಹೆಬ್ಬೆರಳಿಗೂ ದಾರ ಸುತ್ತಿದ. “ಅಬ್ಬಾ, ಎಂಥ ಕೈಯವ್ವ ನಿಂದು” ಎಂದ.

ದ್ಯಾವಮ್ಮ ತಲೆ ತಗ್ಗಿಸಿ ಒಳಗೆ ಹೊರಟಳು.

“ನಿಂತ್ಕೊ” ಎಂದ ಸಿದ್ದರಾಜು.

ಅವನು ಅಂಗಳದ ಹಂಡೆಯ ಹತ್ತಿರ ಹೋಗಿ ತಂಬಿಗೆ ತುಂಬ ಬಿಸಿನೀರು ಮೊಗೆದುಕೊಂಡು ಬಂದ. ತಮ್ಮನ ಪಾದಕ್ಕೆ ಹಾಕುತ್ತಾನೆಂದು ಎಲ್ಲರೂ ಸರಿದು ದಾರಿ ಬಿಟ್ಟರು. ಅವನು ದ್ಯಾವಮ್ಮನ ಎದುರು ಬಂದು ನಿಂತ.

“ಕೈ ನೀಡವ್ವ. ಎಣ್ಣೆ ಮೆತ್ಕಂಡದೆ.”

ಅವಳು ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. “ಬ್ಯಾಡಿ ಭಾವ.”

“ನೀಡವ್ವ ನನ್ನ ತಾಯಿ.”

ನೀಡಿದಳು. ಅವನು ಬಾಗಿ ನೀರು ಬಿಟ್ಟ. ಬೀದಿಯಲ್ಲಿ ಕಾರು ನಿಂತು, ಅನು “ಅಪ್ಪಾ” ಎಂದು ಓಡಿಬರುವುದು ಕೇಳಿಸಿತು. ಸಿದ್ದರಾಜು ತಲೆ ಎತ್ತಲಿಲ್ಲ. ತಂಬಿಗೆ ಕೆಳಗಿಟ್ಟು, ಹೆಗಲ ಮೇಲಿನ ಟವೆಲು ತೆಗೆದು, ಊರೆಲ್ಲ ನೋಡುತ್ತಿರುವಾಗಲೇ ಅವಳ ಬೆರಳುಗಳನ್ನು ಒಂದೊಂದಾಗಿ ಒರೆಸತೊಡಗಿದ.